ಎಡಗಡೆ ಶಾಕು

ಗುಜರಿಯವನು ಕಿಲೋ ಲೆಕ್ಕದಲ್ಲಿ ಕೇಳಿದ. ಕಬ್ಬಿಣಕ್ಕೆ ಒಂದು ದರ, ಅಲ್ಯೂಮಿನಿಯಂ ಎಷ್ಟಿದೆಯೋ ಅಷ್ಟಕ್ಕೆ ಇನ್ನೊಂದು ದರ, ಸೀಟಿಗೂ ಟೈರಿಗೂ ಕಾಸಿಲ್ಲ. ತಿಪಟೂರಿನ ನಮ್ಮ ಮನೆಯ ಹಿತ್ತಿಲ ಷೆಡ್ಡಿನಲ್ಲಿ ತೆಂಗಿನ ಮಟ್ಟೆಯ ರಾಶಿ, ತೂತು ಬಿದ್ದ ಹಂಡೆ, ಮಗಳ ಮೂರು ಚಕ್ರದ ಸೈಕಲ್ಲು, ಇವುಗಳ ನಡುವೆ ಹದಿನೇಳು ವರ್ಷದಿಂದ ಟಿ.ವಿ.ಎಸ್. 50 ಗಾಡಿ ನಿಂತಿತ್ತು. ಅದರ ಹಿಂದಿನ ಸೀಟನ್ನು ಎರಡು ಕೈಯಲ್ಲೂ ಅದುಮಿ ನೋಡಿದ ಗುಜರಿಯವನು, "ಶಾಕಬ್ಸರ್ ಎಲ್ಲಾ ಹೋಗೈತೆ ತಾಯಿ, ಇದ್ರಲ್ಲಿ ಇನ್ನೇನಿಲ್ಲ" ಅಂದ. ಇದು 2023ರ ಬೇಸಿಗೆ ರಜೆಯ ಮಾತು. ನಮ್ಮ ಮನೆಯವರು ಗಾಡಿಯನ್ನು ಹೊರಕ್ಕೆ ತಳ್ಳಲು ಆಗಲೇ ಕೈ ಹಾಕಿದ್ದರು. ನನಗೆ ಅದೇನಾಯಿತೋ ಕಾಣೆ, "ಬೇಡ, ಕೊಡೋಲ್ಲ" ಅಂದುಬಿಟ್ಟೆ. "ಒಡವೆ ನೋಡು, ಬೀರುವಿನಲ್ಲಿ ಇಟ್ಕೋ" ಎಂದು ಗೊಣಗಿ ಅವರು ಪೇಪರು ಹಿಡಿದು ಕೂತರು.

ಈಗ ಬಟನ್ ಒತ್ತಿ ಸ್ಕೂಟರ್ ಹೊರಡಿಸುವ ಹುಡುಗಿಯರಿಗೆ ಆ ಗಾಡಿ ಎಂಥದೆಂದು ಹೇಳಬೇಕಾಗುತ್ತದೆ. ಗೇರಿಲ್ಲ, 50 ಸಿ.ಸಿ.ಯ ಪುಟ್ಟ ಇಂಜಿನ್ನು, ಸೈಕಲ್ಲಿಗಿರುವಂತೆ ಎರಡು ಪೆಡಲು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು, ಪೆಡಲ್ ತುಳಿದು ಹೊರಡಿಸಬೇಕು, ಏರಿನಲ್ಲಿ ಅದಕ್ಕೆ ಸುಸ್ತಾದರೆ ನಾವೂ ಕಾಲು ಸೇರಿಸಬೇಕು. ಪುಣೆಯ ಲೂನಾ 1972ರಲ್ಲೇ ಬಂದಿತ್ತು. ಹೊಸೂರಿನ ಈ ಗಾಡಿ 1980ರಲ್ಲಿ ಬಂದಾಗ ಅದರ ಹೆಚ್ಚುಗಾರಿಕೆಯೆಂದರೆ ಇಬ್ಬರು ಕೂರಬಹುದು ಎನ್ನುವುದು. ನಮ್ಮ ಮಾವನವರು 1986ರಲ್ಲಿ ಕೊಬ್ಬರಿ ಮಾರಿದ ಹಣದಲ್ಲಿ ತಂದದ್ದೂ ಆ ಕಾರಣಕ್ಕೇ. ಊರಿನಿಂದ ಹತ್ತು ಕಿಲೋಮೀಟರು ದೂರದಲ್ಲಿ ನಮ್ಮ ತೋಟ. ಮಾವ ಮುಂದೆ, ಅತ್ತೆ ಹಿಂದೆ, ಅತ್ತೆಯ ತೊಡೆಯ ಮೇಲೆ ಬುತ್ತಿ. ಬರುವಾಗ ಬುತ್ತಿಯ ಜಾಗದಲ್ಲಿ ಎಳನೀರು.

ನಾನು ಮದುವೆಯಾಗಿ ಬಂದದ್ದು 1990ರಲ್ಲಿ. ಮರುವರ್ಷವೇ ಮಾವ ತೀರಿಕೊಂಡರು. 1993ರಲ್ಲಿ ತೋಟಕ್ಕೆ ಹೋಗುವ ದಾರಿಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನನಗೆ ಕೆಲಸ ಸಿಕ್ಕಿತು. ನಮ್ಮ ಮನೆಯವರಿಗೆ ಬ್ಯಾಂಕು ನಡೆದುಹೋಗುವಷ್ಟು ಹತ್ತಿರ. ಹಾಗಾಗಿ ಗಾಡಿ ನನ್ನ ಪಾಲಿಗೆ ಬಂತು. ಸೀರೆಯ ನೆರಿಗೆಯನ್ನು ಪೆಡಲಿಗೆ ಸಿಗದಂತೆ ಎತ್ತಿ ಸಿಕ್ಕಿಸಿಕೊಂಡು ಹೊರಟರೆ ಪೇಟೆ ಬೀದಿಯವರೆಲ್ಲ ಅಂಗಡಿಯಿಂದ ಇಣುಕುತ್ತಿದ್ದರು. ಹದಿನೈದು ದಿನ ಇಣುಕಿದರು, ಆಮೇಲೆ ಬಿಟ್ಟರು.

ಶನಿವಾರ ಬೆಳಗಿನ ಸ್ಕೂಲು. ಅಂದು ಅತ್ತೆಯೂ ನನ್ನ ಜೊತೆ ಹೊರಡುತ್ತಿದ್ದರು. ಎರಡೂ ಕಾಲನ್ನು ಎಡಗಡೆಗೆ ಇಳಿಬಿಟ್ಟು, ಒಂದು ಕೈಯಲ್ಲಿ ನನ್ನ ಸೊಂಟ, ಇನ್ನೊಂದು ಕೈಯಲ್ಲಿ ಸೀಟಿನ ಕಂಬಿ ಹಿಡಿದು ಕೂರುವರು. ನಾನು ಸ್ಕೂಲಿನಲ್ಲಿ ಇಳಿದರೆ ಅವರು ಅಲ್ಲಿಂದ ತೋಟಕ್ಕೆ ನಡೆದುಹೋಗುವರು. ಸ್ಕೂಲು ಬಿಟ್ಟ ಮೇಲೆ ನಾನೂ ತೋಟಕ್ಕೆ ಹೋಗಿ ಊಟ ಮುಗಿಸಿ ಸಂಜೆಗೆ ಕರೆತರುವೆ. ತೋಟವೆಂದರೆ ಅವರಿಗೆ ಪ್ರಾಣ. ಯಾವ ಮರ ಯಾವ ವರ್ಷ ನೆಟ್ಟದ್ದು, ಯಾವುದರ ಕಾಯಿ ಉಂಡೆ ಕೊಬ್ಬರಿಗೆ ಒದಗುತ್ತದೆ, ಯಾವುದು ಬರೀ ಅಡುಗೆಗೆ ಎಂದು ಮಕ್ಕಳ ಜಾತಕ ಹೇಳಿದಂತೆ ಹೇಳುತ್ತಿದ್ದರು. ಬಾವಿಯ ಪಕ್ಕದ ಒಂದು ಮರವಂತೂ ಅವರು ಮದುವೆಯಾಗಿ ಬಂದ ವರ್ಷ ತವರಿನಿಂದ ತಂದ ಸಸಿ.

ಮೊದಲ ನಾಲ್ಕು ವರ್ಷ ತುಟಿ ಪಿಟ್ಟೆನ್ನದೆ ಕೂತರು. ಆಮೇಲೆ ಶುರುವಾಯಿತು. "ಎಡಗಡೆ ಗುದ್ದುತ್ತೆ ಕಣೇ." "ನಿಧಾನಕ್ಕೆ ಹೋಗು, ಬೆನ್ನಿಗೆ ಹೊಡೀತಾ ಇದೆ." "ನಿಮ್ಮ ಮಾವ ಓಡಿಸೋವಾಗ ಹಿಂಗಿರಲಿಲ್ಲ." ಈ ಕೊನೆಯ ಮಾತು ಯಾವ ಸೊಸೆಗೆ ಹಿಡಿಸುತ್ತದೆ, ನೀವೇ ಹೇಳಿ. ಅದೇ ಸುಮಾರಿಗೆ ಮಗಳನ್ನು ಯಾವ ಶಾಲೆಗೆ ಸೇರಿಸಬೇಕೆಂದು ಮನೆಯಲ್ಲಿ ದೊಡ್ಡ ಚರ್ಚೆ ನಡೆದು, ನನ್ನ ಮಾತೇ ನಡೆದಿತ್ತು. ಆ ಸಿಟ್ಟು ಈಗ ಬೆನ್ನುನೋವಾಗಿ ಹೊರಬರುತ್ತಿದೆ ಎಂದೇ ನಾನು ಲೆಕ್ಕ ಹಾಕಿದೆ. ನನಗೇನೂ ಗುದ್ದುತ್ತಿರಲಿಲ್ಲವಲ್ಲ! ದಿನಾ ಅದೇ ಗಾಡಿಯ ಮೇಲೆ ಹೋಗಿಬರುವವಳು ನಾನು.

2003ರ ಒಂದು ಶನಿವಾರ, ಮಾರ್ಕ್ಸ್ ಕಾರ್ಡ್ ಬರೆಯುವ ಕೆಲಸ ತಲೆಯ ಮೇಲಿತ್ತು, ಕೆರೆ ಏರಿಯ ಗುಂಡಿಯೊಂದರಲ್ಲಿ ಗಾಡಿ ಕುಕ್ಕಿತು. ಅತ್ತೆ "ಅಯ್ಯೋ ಶಿವನೇ" ಎಂದು ಕೂಗಿ, "ನಿನ್ನ ಹಿಂದೆ ಕೂತ್ರೆ ನನ್ನ ಸೊಂಟ ಮುರಿಯೋದೇ ಸೈ" ಎಂದರು. ನಾನು ಗಾಡಿ ನಿಲ್ಲಿಸಿ, ತಿರುಗಿಯೂ ನೋಡದೆ, "ಅಷ್ಟು ಕಷ್ಟವಾದ್ರೆ ಬಸ್ಸಲ್ಲಿ ಬನ್ನಿ ಅತ್ತೆ" ಅಂದೆ. ಆ ದಾರಿಗೆ ಆಗ ಇದ್ದದ್ದು ಬೆಳಿಗ್ಗೆ ಒಂದು, ರಾತ್ರಿ ಒಂದು ಬಸ್ಸು. ಅದು ನನಗೂ ಗೊತ್ತಿತ್ತು.

ಅವರು ಜಗಳವಾಡಲಿಲ್ಲ. ಮುಂದಿನ ಶನಿವಾರ ಹೊರಡುವ ಹೊತ್ತಿಗೆ ಅಡುಗೆಮನೆಯಿಂದ ಈಚೆ ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ನೋಡುವವರಿಲ್ಲದ ತೋಟವನ್ನು ಎರಡು ವರ್ಷದ ಮೇಲೆ ಗುತ್ತಿಗೆಗೆ ಕೊಟ್ಟೆವು. 2006ರಲ್ಲಿ ನನಗೆ ಊರಿಗೇ ವರ್ಗವಾಯಿತು, ಸ್ಕೂಟರ್ ಬಂತು, ಹಳೆಯ ಗಾಡಿ ಷೆಡ್ಡು ಸೇರಿತು.

ಗುಜರಿಯವನನ್ನು ಕಳಿಸಿದ ಮೇಲೆ ಮುಂದೇನು? ನಮ್ಮ ಬೀದಿಯ ಕೊನೆಯಲ್ಲಿ ಮೆಕ್ಯಾನಿಕ್ ಅಂಗಡಿ ಇಟ್ಟಿರುವವನು ನನ್ನ ಹಳೆಯ ವಿದ್ಯಾರ್ಥಿ. ಸಮಾಜ ಪತ್ರಿಕೆಯಲ್ಲಿ ಎರಡು ಸಲ ಫೇಲಾದವನು, ಇಂಜಿನ್ನಿನ ಶಬ್ದ ಕೇಳಿದರೆ ರೋಗ ಹೇಳುತ್ತಾನೆ. ಬಂದು ನೋಡಿ, "ಇಂಜಿನ್ ನಾನು ಏಳಿಸ್ತೀನಿ ಮೇಡಂ, ಕಾರ್ಬೊರೇಟರ್ ತೊಳೆದು ಪ್ಲಗ್ ಹಾಕಿದ್ರೆ ಆಯ್ತು. ಹಿಂದಿನ ಶಾಕೇ ತಲೆನೋವು" ಅಂದ. ರಜೆಯಾದ್ದರಿಂದ ನಾನೂ ಒಂದು ಮಣೆ ಹಾಕಿಕೊಂಡು ಅವನ ಅಂಗಡಿಯಲ್ಲಿ ಕೂತೆ. ಮೊದಮೊದಲು ಅವನಿಗೆ ಬೀಡಿ ಸೇದಲಾಗದೆ ಬಹಳ ಕಷ್ಟವಾಯಿತು.

ಹಿಂದಿನ ಚಕ್ರವನ್ನು ಒಂದು ಕಬ್ಬಿಣದ ಕವಲು ಹಿಡಿದಿರುತ್ತದೆ, ಅದಕ್ಕೆ ಸ್ವಿಂಗ್ ಆರ್ಮ್ ಎನ್ನುತ್ತಾರೆ. ಅದು ಮುಂದಿನ ತುದಿಯಲ್ಲಿ ಬಾಗಿಲ ತಿರುಗಣೆಯಂತೆ ಕೂತು, ಹಿಂದಿನ ತುದಿಯಲ್ಲಿ ಮೇಲೆ ಕೆಳಗೆ ಆಡುತ್ತದೆ. ಆ ತುದಿಗೂ ಸೀಟಿನ ಕೆಳಗಿನ ಚೌಕಟ್ಟಿಗೂ ಮಧ್ಯೆ ಎಡಕ್ಕೊಂದು ಬಲಕ್ಕೊಂದು ಶಾಕು. ದೊಡ್ಡ ಗಾಡಿಗಳ ಶಾಕಿನಲ್ಲಿ ಸ್ಪ್ರಿಂಗಿನ ಜೊತೆಗೆ ಎಣ್ಣೆಯೂ ಇರುತ್ತದಂತೆ. ಒಳಗಿನ ಕೊಂತ ಒತ್ತಿದಾಗ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗಬೇಕು. ಚಕ್ಕುಲಿ ಒರಳನ್ನು ನೆನೆಸಿಕೊಳ್ಳಿ. ಎಷ್ಟು ಬಲ ಹಾಕಿ ಒತ್ತಿದರೂ ಹಿಟ್ಟು ತೂತಿನಲ್ಲಿ ತನ್ನ ಪಾಡಿಗೆ ನಿಧಾನವಾಗಿ ತಾನೇ ಇಳಿಯುವುದು? ಹಾಗೆ ಎಣ್ಣೆ ತಡೆಯುವುದರಿಂದ ಗುದ್ದಿನ ಜೋರು ಕಳೆದು, ಆ ಶಕ್ತಿ ಬಿಸಿಯಾಗಿ ಹೋಗುತ್ತದೆ. ಬರೀ ಸ್ಪ್ರಿಂಗಾದರೆ ಒಮ್ಮೆ ಕುಕ್ಕಿದ್ದು ತೊಟ್ಟಿಲಿನಂತೆ ತೂಗುತ್ತಲೇ ಇರುತ್ತದೆ. ನಮ್ಮ ಗಾಡಿಯ ಶಾಕು ಬಿಚ್ಚಿದಾಗ ಒಳಗೆ ಎಣ್ಣೆಯ ಸುದ್ದಿಯೇ ಇರಲಿಲ್ಲ. ಸ್ಪ್ರಿಂಗು, ಕೊಳವೆಯೊಳಗೆ ಜಾರುವ ಒಂದು ಕೊಂತ, ತಳದಲ್ಲಿ ರಬ್ಬರಿನ ತುಂಡು, ಮತ್ತೆ ಒಣಗಿ ಬಾರ್ ಸೋಪಿನಂತಾಗಿದ್ದ ಗ್ರೀಸು. "ಹೆಸರಿಗೆ ಶಾಕಬ್ಸರ್ ಮೇಡಂ, ಹಗುರ ಗಾಡಿಗೆ ಇಷ್ಟು ಸಾಕು" ಎಂದ ನನ್ನ ಶಿಷ್ಯ.

ಬಿಚ್ಚುವುದೇನು ಸುಲಭವಲ್ಲ. ಗಾಡಿಯಿಂದ ಕಳಚಲು ಮೇಲೊಂದು ಕೆಳಗೊಂದು ನಟ್ಟು, ಅಷ್ಟೇ. ಆದರೆ ಸ್ಪ್ರಿಂಗು ಒಳಗೆ ಅದುಮಿಕೊಂಡೇ ಕೂತಿರುತ್ತದೆ. ಅದನ್ನು ಹಿಡಿದಿಟ್ಟಿರುವುದು ಬಳೆಯ ಚೂರಿನಂಥ ಎರಡು ಲಾಕು. ಅವನು ಗೋಣಿಚೀಲ ಸುತ್ತಿ, ಕಬ್ಬಿಣದ ಹಿಡಿಕೆಯಲ್ಲಿಟ್ಟು ಸ್ಪ್ರಿಂಗನ್ನು ಒತ್ತುತ್ತಾ, "ಎದುರಿಗೆ ಕೂರಬೇಡಿ, ಪಕ್ಕಕ್ಕೆ ಬನ್ನಿ" ಎಂದು ಗದರಿದ. ಅವನನ್ನು ಅಷ್ಟು ವರ್ಷ ಗದರಿದ್ದಕ್ಕೆ ಸರಿಹೋಯಿತು. ಲಾಕು ಟಣ್ ಎಂದು ಹಾರಿ ಗೋಣಿಯೊಳಗೇ ಬಿತ್ತು. ಮನೆಯಲ್ಲಿ ಕೂತು ಸ್ಕ್ರೂಡ್ರೈವರಿನಲ್ಲಿ ಮೀಟಲು ಹೋಗಿ ಕಣ್ಣು ಕಳೆದುಕೊಳ್ಳಬಹುದಾದ ಕೆಲಸ ಇದು.

ಇದು ಬಲಗಡೆಯದರ ಕತೆ. ಸ್ಪ್ರಿಂಗು ಸೋತಿತ್ತು, ಬುಷ್ಷು ಸವೆದಿತ್ತು, ಆದರೂ ಕೊಂತ ಆಡುತ್ತಿತ್ತು. ಎಡಗಡೆಯದು ಏನು ಮಾಡಿದರೂ ಮಿಸುಕಲಿಲ್ಲ. ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಹಾಕಿದ. ಮರದ ಕೊಡತಿಯಲ್ಲಿ ತಟ್ಟಿದ. ಮೂರನೆಯ ದಿನ ಕಾಯಿಸಿ ಎಳೆದಾಗ ಕೊಳವೆಯಿಂದ ಈಚೆ ಬಂದ ಕೊಂತ ನೆಟ್ಟಗಿರಲಿಲ್ಲ. ಮಧ್ಯದಲ್ಲಿ ಕುಡುಗೋಲಿನ ಹಿಡಿಯಷ್ಟು ಬಾಗಿ, ಬಾಗಿದ ಕಡೆ ಕೊಳವೆಗೆ ಒತ್ತಿಕೊಂಡು ತುಕ್ಕು ಹಿಡಿದಿತ್ತು.

ಸಂಜೆ ಅಂಗಡಿಗೆ ಬಂದ ನಮ್ಮ ಮನೆಯವರು, "ಹದಿನೇಳು ವರ್ಷ ನಿಂತಿದ್ರೆ ತುಕ್ಕು ಹಿಡಿಯದೆ ಇನ್ನೇನು" ಅಂದರು. ನನಗೂ ಸಮಾಧಾನವಾಗುವುದರಲ್ಲಿತ್ತು. ಆದರೆ ಆ ಹುಡುಗ ಬಿಚ್ಚುವ ಮೊದಲೇ ಒಂದು ವಿಷಯ ಗಮನಿಸಿದ್ದ. 1998ರ ಆಯುಧ ಪೂಜೆಗೆ ನಮ್ಮ ಮನೆಯವರೇ ಕೆಂಪು ಗಾಡಿಗೆ ನೀಲಿ ಬಣ್ಣ ಬಳಿದಿದ್ದರು. ಅವರು ಬಣ್ಣ ಬಳಿದರೆಂದರೆ ಎಲ್ಲಿ ಬೇಕೋ ಎಲ್ಲಿ ಬೇಡವೋ ಎಲ್ಲಾ ಕಡೆಗೂ ಆಯಿತು. ಶಾಕಿನ ಮೇಲಿನ ಕೊಳವೆ ಕೆಳಗಿನದರೊಳಗೆ ಸೇರುವ ಸಂದಿಗೂ ಬಣ್ಣ ಇಳಿದಿತ್ತು. ಬಲಗಡೆ ಆ ಸಂದಿಯ ಬಣ್ಣ ಎಂದೋ ಒಡೆದು, ಉಜ್ಜಿ ಉಜ್ಜಿ, ಕಬ್ಬಿಣ ಹೊಳೆಯುತ್ತಿತ್ತು. ಎಡಗಡೆ ಬಣ್ಣ ಮೇಲಿನಿಂದ ಕೆಳಗಿನವರೆಗೆ ಒಂದೇ ಪದರವಾಗಿ ಹಾಗೇ ಕೂತಿತ್ತು. ಎಲ್ಲೂ ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

"ಬಣ್ಣ ಹೊಡೆದ ದಿನದಿಂದ ಈ ಶಾಕು ಒಂದು ಸಲಾನೂ ಆಡಿಲ್ಲ ಮೇಡಂ. ಆಡಿದ್ರೆ ಒಡೆದಿರೋದು."

1998ರಿಂದ 2006ರವರೆಗೆ ನಾನು ಆ ಗಾಡಿ ಓಡಿಸಿದ್ದೇನೆ. ಅಷ್ಟೂ ವರ್ಷ ಎಡಗಡೆ ಇದ್ದದ್ದು ಸ್ಪ್ರಿಂಗಲ್ಲ, ಬರೀ ಕಬ್ಬಿಣದ ಕಂಬ. ಒಂದು ಕಡೆ ಬಿಗಿದುಕೊಂಡರೆ ಇನ್ನೊಂದು ಕಡೆಯದೂ ಕವಲು ತಿರುಚಿಕೊಂಡಷ್ಟು ಅಲುಗೀತೇ ಹೊರತು ಸರಿಯಾಗಿ ಆಡಲಾರದು, ಕವಲು ಒಂದೇ ತಾನೆ? "ಹಾಗಾದ್ರೆ ನಂಗ್ಯಾಕೆ ಗೊತ್ತಾಗ್ಲಿಲ್ಲ?" ಎಂದು ಕೇಳಿದೆ. ಅವನು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ತೋರಿಸಿದ. ಓಡಿಸುವವರ ಸೀಟು ಎರಡು ಚಕ್ರಗಳ ನಡುವೆ. ಹಿಂದಿನ ಚಕ್ರ ಒಂದು ಗೇಣು ಎದ್ದರೆ ಅಲ್ಲಿಗೆ ಬರುವುದು ಅದರ ಒಂದು ಪಾಲು ಮಾತ್ರ. ಹಿಂದಿನ ಸೀಟು ಇರುವುದು ನೇರ ಚಕ್ರದ ಅಚ್ಚಿನ ಮೇಲೆ, ಅಲ್ಲಿ ಕೂತವರಿಗೆ ಬಂದದ್ದೆಲ್ಲ ಪೂರ್ತಿ. ಅದೂ ಅಲ್ಲದೆ ಮುಂದಿನವರಿಗೆ ಗುಂಡಿ ಕಾಣುತ್ತದೆ, ಪೆಡಲಿನ ಮೇಲೆ ಕಾಲೂರಿ ಸ್ವಲ್ಪ ಏಳುತ್ತಾರೆ. ಹಿಂದೆ ಓರೆಯಾಗಿ ಕೂತವರಿಗೆ ಕಾಣುವುದು ರಸ್ತೆ ಬದಿಯ ಬೇಲಿ.

ಕೊಂತ ಬಾಗಿದ್ದು ಹೇಗೆ ಎಂದು ಅವನು ಕೇಳಿದ. "ಎಡಗಡೆಗೆ ಜೋರಾಗಿ ಬಿದ್ದಿರ್ಬೇಕು, ಕಲ್ಲಿಗೋ ಏನಕ್ಕೋ." ನಾನು ಗೊತ್ತಿಲ್ಲ ಅಂದೆ. ಗೊತ್ತಿತ್ತು. 1997ರ ಮಳೆಗಾಲದಲ್ಲಿ ಸ್ಕೂಲಿನಿಂದ ಬರುವಾಗ ಮೋರಿಯ ಬಳಿ ಕೆಸರಿನಲ್ಲಿ ಜಾರಿ, ಗಾಡಿ ಎಡಕ್ಕೆ ಮಗುಚಿ ಮೋರಿಗಲ್ಲಿಗೆ ಬಡಿದಿತ್ತು. ಮೊಣಕಾಲಿನ ಗಾಯದ ಗುರುತು ಈಗಲೂ ಇದೆ. ಬಾಗಿದ ಪೆಡಲನ್ನು ಹಳ್ಳಿಯ ಕುಲುಮೆಯಲ್ಲಿ ನೆಟ್ಟಗೆ ಮಾಡಿಸಿ, ಕೆಸರು ತೊಳೆದು, ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಗಾಡಿ ಬಿಡಿಸುತ್ತಿದ್ದರು. ಗಾಡಿ ಬಿಡಿಸಿದರೆ ಕೆಲಸ ಬಿಡಿಸಲು ಇನ್ನೆಷ್ಟು ದೂರ? ಆಗ ಹಾಗೆ ಯೋಚಿಸಿದೆ, ಈಗಲೂ ಅದು ತಪ್ಪು ಯೋಚನೆ ಎನ್ನಿಸುವುದಿಲ್ಲ. ಆದರೆ ಅತ್ತೆಯ "ಎಡಗಡೆ ಗುದ್ದುತ್ತೆ" ಶುರುವಾದದ್ದು ಆ ಮಳೆಗಾಲದ ಮೇಲೆಯೇ. ಅವರು ಎಡಗಡೆ ಎಂದು ಬಿಡಿಸಿ ಹೇಳಿದ್ದರಲ್ಲ! ಮಗಳ ಶಾಲೆಯ ಜಗಳಕ್ಕೆ ಎಡ ಯಾವುದು ಬಲ ಯಾವುದು?

ಅಂದು ರಾತ್ರಿ ಅತ್ತೆಗೆ ಊಟ ಬಡಿಸುವಾಗ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಗಾಡಿ ಆಗಲಿ, ಆಮೇಲೆ ಹೇಳೋಣ ಎಂದು ಮುಂದಕ್ಕೆ ಹಾಕಿದೆ.

ಬಾಗಿದ ಕೊಂತವನ್ನು ನೆಟ್ಟಗೆ ಮಾಡಿ ಹಾಕುವಂತಿಲ್ಲ, ತುಕ್ಕು ತಿಂದ ಕಡೆ ಮತ್ತೆ ಹಿಡಿಯುತ್ತದೆ. ಎಡಗಡೆಯದೊಂದನ್ನೇ ಹೊಸದು ಹಾಕುವಂತೆಯೂ ಇಲ್ಲ. ಒಂದು ಗಟ್ಟಿ ಒಂದು ಸೋತದ್ದು ಆದರೆ ಕವಲು ತಿರುಚಿಕೊಳ್ಳುತ್ತದೆ. ಹಾಕಿದರೆ ಜೋಡಿಯೇ. ತಿಪಟೂರಿನಲ್ಲಿ ಸಿಗಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗದ ಬಿಡಿಭಾಗವಿಲ್ಲ ಎನ್ನುತ್ತಾರಲ್ಲ, ರೈಲು ಹತ್ತಿದೆ. ಹೊರಡುವಾಗ ಶಿಷ್ಯ ಎರಡು ಎಚ್ಚರಿಕೆ ಹೇಳಿದ್ದ. ನಮೂನೆಗೆ ಬಲಗಡೆಯದನ್ನೇ ಒಯ್ಯಬೇಕು, ಎಡಗಡೆಯದು ಅದುಮಿಕೊಂಡ ಅಳತೆಯಲ್ಲೇ ಹಿಡಿದುಬಿಟ್ಟಿತ್ತು, ಅದರ ಉದ್ದ ನಂಬುವಂತಿಲ್ಲ. ಎರಡನೆಯದು, ಗಟ್ಟಿ ಸ್ಪ್ರಿಂಗು ತರಬಾರದು.

ಟೌನ್ ಹಾಲಿನ ಕಡೆಯಿಂದ ನಡೆಯುತ್ತಾ ಹೋದರೆ ಎರಡೂ ಬದಿಗೆ ಅಂಗಡಿಗಳು, ಮೆಟ್ಟಿಲ ಮೇಲೆ ಮಿರರು, ಸೀಟು ಕವರು. ಬಟ್ಟೆಯ ಚೀಲದಿಂದ ಪೇಪರಿನಲ್ಲಿ ಸುತ್ತಿದ ಶಾಕನ್ನು ಈಚೆ ತೆಗೆದಾಗ ಮೊದಲ ಅಂಗಡಿಯವರು ನಗುತ್ತಾ ಪಕ್ಕದ ಅಂಗಡಿ ತೋರಿಸಿದರು. ಪಕ್ಕದವರು ಅದರ ಪಕ್ಕದ್ದು ತೋರಿಸಿದರು. ಐದನೆಯ ಅಂಗಡಿಯ ವಯಸ್ಸಾದ ಯಜಮಾನರು ಮಾತ್ರ ಅದನ್ನು ಕೈಗೆ ತೆಗೆದುಕೊಂಡು ಕನ್ನಡಕ ಹಾಕಿಕೊಂಡರು. "ಸೆಂಟರ್ ಟು ಸೆಂಟರ್ ಎಷ್ಟಮ್ಮಾ?" ಅಂದರು. ಮೇಲಿನ ಬೋಲ್ಟು ತೂರುವ ಕಣ್ಣಿನ ನಡುವಿನಿಂದ ಕೆಳಗಿನ ಕಣ್ಣಿನ ನಡುವಿಗೆ ಇರುವ ಅಳತೆ ಅದು. ಸ್ಕೂಲಿನ ಮರದ ಸ್ಕೇಲಿನಲ್ಲಿ ಅಳೆದು ಬರೆದುಕೊಂಡಿದ್ದ ಚೀಟಿ ಕೊಟ್ಟೆ. ಅಳತೆ ಉದ್ದವಾದರೆ ಗಾಡಿಯ ಹಿಂಭಾಗ ಎದ್ದು ನಿಲ್ಲುತ್ತದೆ, ಗಿಡ್ಡವಾದರೆ ಟೈರು ಮಡ್ಗಾರ್ಡಿಗೆ ಉಜ್ಜುತ್ತದೆ. ಅವರು ಮೊದಲು ತೆಗೆದದ್ದು ಮೂಟೆ ಹೊರುವ ಗಾಡಿಗೆ ಹಾಕುವ ದಪ್ಪ ಸ್ಪ್ರಿಂಗಿನದು. "ಇದೇ ತಗೊಳ್ಳಿ, ಜನ್ಮಕ್ಕೆ ಸಾಕು" ಅಂದರು. ನನ್ನಂಥವಳು ಕೂತರೆ ಅದು ಅದುಮುವುದೇ ಇಲ್ಲ, ಮತ್ತೆ ಕಬ್ಬಿಣದ ಕಂಬವೇ. "ಇಬ್ಬರು ಹೆಂಗಸರು ಕೂರೋ ಗಾಡಿ, ಮೆತ್ತಗಿರೋದು ಕೊಡಿ" ಎಂದೆ. ಇಬ್ಬರು ಎಂದು ಬಾಯಿಗೆ ಹೇಗೆ ಬಂತೋ.

ಜೋಡಿಸುವುದು ಒಂದು ಬೆಳಗಿನ ಕೆಲಸ. ಗಾಡಿಯನ್ನು ಮರದ ದಿಮ್ಮಿಯ ಮೇಲೆ ಏರಿಸಿ, ಚಕ್ರ ಗಾಳಿಯಲ್ಲಿರುವಂತೆ ಮಾಡಿ, ಹೊಸ ಬುಷ್ಷಿಗೆ ಗ್ರೀಸು ಸವರಿ, ನಟ್ಟುಗಳನ್ನು ಸಡಿಲವಾಗಿ ಕೂರಿಸಿದ. ಕೊನೆಯ ಬಿಗಿ ಹಾಕಿದ್ದು ಗಾಡಿಯನ್ನು ನೆಲಕ್ಕಿಳಿಸಿ ನನ್ನನ್ನು ಸೀಟಿನ ಮೇಲೆ ಕೂರಿಸಿದ ಮೇಲೆ. ಎತ್ತಿಟ್ಟಾಗಲೇ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದಂತೆ. ಆಮೇಲೆ ಚೈನು. ಕವಲು ಮೇಲೆ ಕೆಳಗೆ ಆಡುವಾಗ ಮುಂದಿನ ಹಲ್ಲುಚಕ್ರಕ್ಕೂ ಹಿಂದಿನದಕ್ಕೂ ನಡುವಿನ ದೂರ ಬದಲಾಗುತ್ತದೆ, ಆದ್ದರಿಂದ ನಿಂತಾಗ ಚೈನು ಸ್ವಲ್ಪ ಜೋಲು ಇರಲೇಬೇಕು. ಅಷ್ಟು ವರ್ಷ ಆಡದೆ ನಿಂತಿದ್ದ ಕವಲಿಗೆ ಚೈನು ಬಿಗಿಯಾಗಿಯೇ ಇತ್ತು, ಯಾರಿಗೂ ಗೊತ್ತಾಗಿರಲಿಲ್ಲ. ನೋಂದಣಿ ನವೀಕರಣ, ವಿಮೆ, ಹೊಗೆ ತಪಾಸಣೆ ಇವುಗಳ ಕತೆ ಹೇಳಿದರೆ ಬೇರೆಯೇ ಒಂದು ಪ್ರಬಂಧವಾದೀತು. ಆಗಸ್ಟ್ ತಿಂಗಳು ಬಂತು.

ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿದಾಗ ಅತ್ತೆ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಈಗ ಅವರಿಗೆ ಎಂಬತ್ತನಾಲ್ಕು, ಬೆನ್ನು ಬಾಗಿದೆ. ಮೂಳೆ ಸವೆತ, ವಯಸ್ಸಿನ ಹೆಂಗಸರಲ್ಲಿ ಬಹಳ ಸಾಮಾನ್ಯ, ಬೆನ್ನುಮೂಳೆ ಕುಸಿಯುತ್ತಾ ಬಂದು ಎತ್ತರವೇ ಕಡಿಮೆಯಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಗಾಡಿಯ ಗುದ್ದಿಗೂ ಇದಕ್ಕೂ ಸಂಬಂಧವಿದೆಯೇ ಎಂದು ನಾನು ಅವರನ್ನು ಕೇಳಲಿಲ್ಲ. ಕೇಳಲು ಧೈರ್ಯವಿರಲಿಲ್ಲ.

ಹಳೆಯ ಎಡಗಡೆ ಶಾಕನ್ನು ಅವರ ಮುಂದೆ ಹಿಡಿದು ಬಿದ್ದದ್ದು, ಮುಚ್ಚಿಟ್ಟದ್ದು, ಬಣ್ಣ, ಎಲ್ಲವನ್ನೂ ಹೇಳಿದೆ. "ನೀವು ಎಡಗಡೆ ಗುದ್ದುತ್ತೆ ಅಂತಿದ್ರಲ್ಲ ಅತ್ತೆ, ಅದು ನಿಜ" ಅಂದೆ.

"ನಿಜ ಅಲ್ದೆ?" ಅಂದರು ಅವರು. "ಸುಳ್ಳು ಅಂದ್ಕೊಂಡಿದ್ಯೇನು?"

ನನ್ನಿಂದ ಉತ್ತರ ಬರಲಿಲ್ಲ. ಅವರು ಶಾಕನ್ನು ಮಡಿಲಿಗೆ ತೆಗೆದುಕೊಂಡು, ಬಾಗಿದ ಕೊಂತದ ಮೇಲೆ ಬೆರಳಾಡಿಸಿ, "ಇಷ್ಟಕ್ಕೇನಾ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಕಾಲಿಗೆ ಜಾಸ್ತಿ ಏಟಾಗಿತ್ತಾ ಆವಾಗ?" ಎಂದು ಕೇಳಿದರು. ಸೀರೆ ಸರಿಸಿ ಗುರುತು ತೋರಿಸಿದೆ. ಇಪ್ಪತ್ತಾರು ವರ್ಷದ ಹಿಂದಿನ ಗಾಯವನ್ನು ಈಗ ಬಿದ್ದಂತೆ ಒತ್ತಿ ನೋಡಿದರು. ಆಮೇಲೆ ನನ್ನ ಭುಜ ಹಿಡಿದು ಎದ್ದು, ಗಾಡಿಯ ಹತ್ತಿರ ಬಂದು, ಹಿಂದಿನ ಸೀಟನ್ನು ಅಂಗೈಯಲ್ಲಿ ಅದುಮಿದರು. ಸೀಟು ಇಳಿದು ಎದ್ದಿತು. ಇನ್ನೊಂದು ಸಲ ಅದುಮಿದರು.

"ಹೂಂ, ಮೆತ್ತಗಿದೆ. ನಾನಂತೂ ಕೂರೋಕಾಗಲ್ಲ. ಶನಿವಾರ ನೀನೇ ಹೋಗಿ ಬಾವಿ ಪಕ್ಕದ್ದು ಇದೆಯೋ ಇಲ್ವೋ ನೋಡ್ಕೊಂಡು ಬಾ."

ಶನಿವಾರ ಹೋದೆ. ಕೆರೆ ಏರಿಗೆ ಈಗ ಟಾರು ಬಿದ್ದಿದೆ, ಗುಂಡಿಗಳು ಮಾತ್ರ ಅಲ್ಲಲ್ಲೇ ಇವೆ. ಮರ ಇತ್ತು, ಸುಳಿ ಸಣ್ಣಗಾಗಿತ್ತು. ಗುತ್ತಿಗೆಯವರ ಮಗ ಎರಡು ಕಾಯಿ ಕೆಡವಿಕೊಟ್ಟ. ಅವನ್ನು ಚೀಲಕ್ಕೆ ಹಾಕಿ ಹಿಂದಿನ ಸೀಟಿಗೆ ಕಟ್ಟಿಕೊಂಡು ಬಂದೆ. ಅತ್ತೆ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ಇನ್ನೊಂದನ್ನೂ ಅಲ್ಲಾಡಿಸಿದರು.

"ಬುಡಕ್ಕೆ ಗೊಬ್ಬರ ಹಾಕಿಲ್ಲ ಆ ಹುಡುಗರು" ಅಂದರು. "ಮುಂದಿನ ವಾರ ಹೋದಾಗ ಹೇಳು."